ಎಂಜಿನ್‌ನ ಟೈಟಾನಿಯಂ ಕಂಪ್ರೆಸರ್ ಡಿಸ್ಕ್‌ನಲ್ಲಿ ಮಚ್ಚೆ ಸಿಕ್ಕಿದೆ. ಇಡಿಎಸ್‌ನಲ್ಲಿ (ಎಕ್ಸ್-ರೇ ನೋಡಿ ಯಾವ ಧಾತು ಇದೆ ಅಂತ ಹೇಳುವ ಉಪಕರಣ) ನೈಟ್ರೋಜನ್ ಕಾಣದಿದ್ದರೆ ಅದು ಹಾರ್ಡ್ ಆಲ್ಫಾ (ನೈಟ್ರೋಜನ್ ಸೇರಿ ಗಡುಸಾಗಿ, ಸುಲಭವಾಗಿ ಬಿರಿಯುವ ದೋಷ) ಅಲ್ಲ ಅಂತ ರಿಪೋರ್ಟ್ ಬರೆಯಬಹುದಾ?

ದಯವಿಟ್ಟು ಬರೆಯಬೇಡಿ. ನಾನು ಬರೆದು ಅನುಭವಿಸಿದ್ದೇನೆ.

ನನ್ನದೂ ಕಂಪ್ರೆಸರ್ ಡಿಸ್ಕ್‌ನ ಫೋರ್ಜಿಂಗೇ (ಕಾಯಿಸಿ ಒತ್ತಿ ರೂಪಿಸಿದ ತುಂಡು), ಟೈಟಾನಿಯಂ 6-4, ಅಂದರೆ ಅಲ್ಯೂಮಿನಿಯಂ, ವನೇಡಿಯಂ ಬೆರೆಸಿದ ಮಿಶ್ರಲೋಹ. ಅಲ್ಟ್ರಾಸಾನಿಕ್‌ನಲ್ಲಿ ಏನೋ ಸಿಕ್ಕಿತು ಅಂತ ಕತ್ತರಿಸಿ, ಪಾಲಿಶ್ ಮಾಡಿ, ಆಮ್ಲದಿಂದ ಎಚ್ ಮಾಡಿದೆವು. ಬೆಳ್ಳಗಿನ ಮಚ್ಚೆ, ಅದರೊಳಗೆ ಕೂದಲೆಳೆಯಂಥ ಬಿರುಕು. ಇಡಿಎಸ್ ತೆಗೆದರೆ ಟೈಟಾನಿಯಂ ಇದೆ, ಅಲ್ಯೂಮಿನಿಯಂ ಇದೆ, ನೈಟ್ರೋಜನ್ ಸುಳಿವೇ ಇಲ್ಲ. 'ಅಲ್ಯೂಮಿನಿಯಂ ಸೆಗ್ರಿಗೇಶನ್', ಅಂದರೆ ಅಲ್ಯೂಮಿನಿಯಂ ಒಂದೇ ಕಡೆ ಜಾಸ್ತಿ ಸೇರಿದೆ ಅಂತ ಸಹಿ ಹಾಕಿ ಕೊಟ್ಟೆ. ಅದೇ ಇಂಗಾಟ್‌ನ (ಕರಗಿಸಿ ಎರಕ ಹೊಯ್ದ ಗಟ್ಟಿ) ಉಳಿದ ತುಂಡುಗಳು ಮಷೀನಿಂಗ್‌ಗೆ ಹೋದವು. ಇನ್ನೊಂದರಲ್ಲೂ ಅಂಥದ್ದೇ ಮಚ್ಚೆ ಸಿಕ್ಕಿತು. ಇಡೀ ಲಾಟ್ ಗುಜರಿಗೆ ಹೋಯಿತು. ಗ್ರಾಹಕರು ನನ್ನ ರಿಪೋರ್ಟ್ ಒಪ್ಪುವುದನ್ನೇ ಬಿಟ್ಟರು.

ಎಡವಿದ್ದು ಎಲ್ಲಿ ಗೊತ್ತಾ? ಪ್ರತಿ ಧಾತುವಿನ ಎಕ್ಸ್-ರೇ ಅದರದ್ದೇ ಶಕ್ತಿಯಲ್ಲಿ ಒಂದು ಪೀಕ್ ಆಗಿ ಕಾಣುತ್ತದೆ. ನೈಟ್ರೋಜನ್‌ನ ಕೆ ಪೀಕ್ ಬರುವುದು 0.392 ಕೆಇವಿಯಲ್ಲಿ (ಕಿಲೋ ಎಲೆಕ್ಟ್ರಾನ್ ವೋಲ್ಟ್). ಟೈಟಾನಿಯಂನ ಒಂದು ಎಲ್ ಪೀಕ್ 0.395ರಲ್ಲಿ. ಇಷ್ಟು ಹತ್ತಿರ ಇದ್ದರೆ ಇಡಿಎಸ್‌ಗೆ ಎರಡೂ ಒಂದೇ ಗುಡ್ಡ. ಟೈಟಾನಿಯಂ ಅಂತ ಹೆಸರು ಹಾಕಿ ಸಾಫ್ಟ್‌ವೇರ್ ಸುಮ್ನಾಗುತ್ತದೆ. ಅಂದರೆ ನೈಟ್ರೋಜನ್ ಇಲ್ಲ ಅಂತಲ್ಲ, ಆ ಉಪಕರಣಕ್ಕೆ ಹೇಳಲು ಬರುವುದಿಲ್ಲ ಅಂತ. ಡಬ್ಲ್ಯುಡಿಎಸ್ (ಹತ್ತಿರದ ಪೀಕ್‌ಗಳನ್ನು ಇನ್ನೂ ಚೆನ್ನಾಗಿ ಬೇರ್ಪಡಿಸುವ ಎಕ್ಸ್-ರೇ ವಿಧಾನ) ಮಾಡಿಸಿ, ಪಕ್ಕದ ಒಳ್ಳೆ ಜಾಗದಲ್ಲೂ ಅದೇ ಸೆಟ್ಟಿಂಗ್‌ನಲ್ಲಿ ಅಳೆದು ಹೋಲಿಸಿ. ಡಬ್ಲ್ಯುಡಿಎಸ್‌ನಲ್ಲೂ ಟೈಟಾನಿಯಂ ಪಾಲನ್ನು ಕಳೆಯಲೇಬೇಕು. ಅದಕ್ಕೂ ಮೊದಲು ಮೈಕ್ರೋಹಾರ್ಡ್‌ನೆಸ್, ಅಂದರೆ ಆ ಸಣ್ಣ ಜಾಗದ ಗಡಸುತನ ನೋಡಿ. ಸುತ್ತಲಿನ ಲೋಹ ಸುಮಾರು 350 ವಿಕರ್ಸ್ (ಗಡಸುತನದ ಅಳತೆ) ಇರುತ್ತದೆ, ಹಾರ್ಡ್ ಆಲ್ಫಾ ಅದಕ್ಕಿಂತ ತುಂಬಾ ಜಾಸ್ತಿ. ಅಲ್ಲಿವರೆಗೆ ಮತ್ತೆ ಪಾಲಿಶ್ ಮಾಡಬೇಡಿ, ಮಚ್ಚೆಯೇ ಹೊರಟುಹೋಗುತ್ತದೆ.

ಕೆಲವೊಮ್ಮೆ ಮಚ್ಚೆ ಇರುವುದೇ ಇಲ್ಲ. 1989ರಲ್ಲಿ ಅಮೆರಿಕದ ಸೂ ಸಿಟಿಯಲ್ಲಿ ಬಿದ್ದ ಡಿಸಿ-10 ವಿಮಾನದ ಫ್ಯಾನ್ ಡಿಸ್ಕ್‌ನಲ್ಲಿ ಬಿರುಕು ಶುರುವಾದ ಕಡೆ ಸಿಕ್ಕಿದ್ದು ಒಂದು ಸಣ್ಣ ಗುಳಿ. ಹಾರ್ಡ್ ಆಲ್ಫಾ ಉದುರಿಹೋಗಿತ್ತು, ಅಂಚಿನಲ್ಲಷ್ಟೇ ಗುರುತು ಉಳಿದಿತ್ತು.

ಇನ್ನೊಂದು ಮಾತು. 'ಹಾರ್ಡ್ ಆಲ್ಫಾ ಅಲ್ಲ' ಅಂದರೆ ಪಾರಾದೆವು ಅಂತ ನೀವು ಅಂದುಕೊಂಡ ಹಾಗಿದೆ. 2017ರಲ್ಲಿ ಗ್ರೀನ್‌ಲ್ಯಾಂಡ್ ಮೇಲೆ ಎ380 ವಿಮಾನದ ಎಂಜಿನ್‌ನ ಫ್ಯಾನ್ ಹಬ್ (ಫ್ಯಾನ್‌ನ ನಡುಭಾಗ) ಒಡೆಯಿತಲ್ವಾ? ಅದು ಹಾರ್ಡ್ ಆಲ್ಫಾದಿಂದಲ್ಲ. ಒಂದೇ ದಿಕ್ಕಿಗೆ ತಿರುಗಿದ ಕಣಗಳ ಗುಂಪು, ಅಂದರೆ ಮ್ಯಾಕ್ರೋಝೋನ್. ಅಲ್ಲಿ ಡ್ವೆಲ್ ಫೆಟಿಗ್‌ನಿಂದ (ಹೊರೆ ಪ್ರತಿ ಸಲ ಸ್ವಲ್ಪ ಹೊತ್ತು ಹಾಗೇ ನಿಂತು ಲೋಹ ದಣಿಯುವುದು) ಬಿರುಕು ಶುರುವಾಗಿತ್ತು. ಅಂಥದ್ದಕ್ಕೆ ಕಣಗಳ ದಿಕ್ಕು ತೋರಿಸುವ ಇಬಿಎಸ್‌ಡಿ ಬೇಕು, ಇಡಿಎಸ್ ಹಿಡಿದು ಕೂತರೆ ಏನೂ ಕಾಣದು.

ರಿಪೋರ್ಟ್ ನಾಳೆ ಬರೆಯಿರಿ. ಅದೇ ಹೀಟ್ ನಂಬರಿನ (ಒಟ್ಟಿಗೆ ಕರಗಿಸಿದ ಲೋಹಕ್ಕೆ ಕೊಡುವ ಸಂಖ್ಯೆ) ಉಳಿದ ತುಂಡುಗಳು ಎಲ್ಲಿವೆ ಅಂತ ಇವತ್ತೇ ವಿಚಾರಿಸಿ ಹೋಲ್ಡ್ ಮಾಡಿಸಿ. ಮ್ಯಾನೇಜರ್ ಬೈದರೆ ಬೈಸಿಕೊಳ್ಳಿ.