ಬ್ಯೂಗಲ್ ಇಲ್ಲದ ಬ್ಯೂಗಲ್ ಕೋರ್: ಮ್ಯಾಡಿಸನ್‌ನಲ್ಲಿ ಕಂಡದ್ದು, ಕೇಳಿದ್ದು

ಡ್ರಮ್ಮು, ಹಿತ್ತಾಳೆ ವಾದ್ಯಗಳನ್ನು ನುಡಿಸುತ್ತ ಮೈದಾನದಲ್ಲಿ ಕವಾಯತಿನಂತೆ ನಡೆಯುವ ಅಮೆರಿಕದ ಯುವ ತಂಡಗಳ, ಅಂದರೆ ಡ್ರಮ್ ಅಂಡ್ ಬ್ಯೂಗಲ್ ಕೋರ್‌ಗಳ, ಪ್ರದರ್ಶನವೊಂದನ್ನು ನೋಡಿ ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಹೆಸರಿನಲ್ಲಿ ಬ್ಯೂಗಲ್ ಇದ್ದರೂ ಅಲ್ಲಿ ಯಾರ ಕೈಯಲ್ಲೂ ಬ್ಯೂಗಲ್ ಕಾಣುವುದಿಲ್ಲವೇಕೆ ಎಂಬುದು ಒಂದು. ಹಳೆಯ ಕಾಲದ ಸ್ಪರ್ಧೆಗಳನ್ನು ಕಣ್ಣಾರೆ ಕಂಡ ಕನ್ನಡಿಗರು ಯಾರಾದರೂ ಇದ್ದಾರೆಯೇ ಎಂಬುದು ಇನ್ನೊಂದು. ನಾನು ಇಂಥ ತಂಡದಲ್ಲಿ ನುಡಿಸಿದವನಲ್ಲ. ಆದರೆ ಸ್ನಾತಕೋತ್ತರ ವ್ಯಾಸಂಗಕ್ಕೆಂದು 1985ರ ಆಗಸ್ಟ್‌ನಲ್ಲಿ ಮೈಸೂರಿನಿಂದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ನಗರಕ್ಕೆ ಬಂದಿಳಿದ ದಿನಗಳಲ್ಲೇ ಆ ಊರಿನ ಕ್ಯಾಂಪ್ ರ‍್ಯಾಂಡಲ್ ಕ್ರೀಡಾಂಗಣದಲ್ಲಿ ಡ್ರಮ್ ಕೋರ್ ಇಂಟರ್‌ನ್ಯಾಷನಲ್ ಸಂಸ್ಥೆಯ ಚಾಂಪಿಯನ್‌ಷಿಪ್ ನಡೆಯಿತು. ಮುಂದೆ 1986, 1987, 1992 ಮತ್ತು 1999ರಲ್ಲಿ ಅಂತಿಮ ಸ್ಪರ್ಧೆ ಮತ್ತೆ ಅದೇ ಊರಿಗೆ ಬಂದಾಗಲೆಲ್ಲ ನಾನು ಅಲ್ಲಿ ಕುಳಿತು ನೋಡಿದ್ದೇನೆ. ಬ್ಯೂಗಲ್ ಹೇಗೆ ಮರೆಯಾಯಿತೆಂಬುದನ್ನು ಹಂತಹಂತವಾಗಿ ಕಿವಿಯಿಂದಲೇ ತಿಳಿದುಕೊಂಡವನು ನಾನೆಂದು ಹೇಳಬಹುದು.

ಮೊದಲು ವಾದ್ಯದ ವಿಷಯ. ಸೈನ್ಯದಲ್ಲಿ ಊದುವ ಹಿತ್ತಾಳೆಯ ಕಹಳೆಯಾದ ಬ್ಯೂಗಲ್‌ಗೆ ರಂಧ್ರಗಳೂ ಇಲ್ಲ, ಬೆರಳಿನಿಂದ ಒತ್ತುವ ವಾಲ್ವ್‌ಗಳೂ ಇಲ್ಲ. ತುಟಿಯ ಬಿಗಿತವೊಂದರಿಂದಲೇ ಸ್ವರ ಬದಲಾಗಬೇಕು. ನಮ್ಮ ಸಂಗೀತದ ಮಾತಿನಲ್ಲಿ ಹೇಳುವುದಾದರೆ ಷಡ್ಜ, ಪಂಚಮ, ಮೇಲಿನ ಷಡ್ಜ, ಅದರ ಮೇಲೆ ಅಂತರ ಗಾಂಧಾರ, ಮತ್ತೆ ಪಂಚಮ: ಬಳಕೆಗೆ ಬರುವುದು ಹೆಚ್ಚುಕಡಿಮೆ ಇಷ್ಟೇ. ಮೊದಲ ಮಹಾಯುದ್ಧ ಮುಗಿದ ಮೇಲೆ ಊರಿಗೆ ಮರಳಿದ ಸೈನಿಕರು ಅಮೆರಿಕನ್ ಲೀಜನ್‌ನಂಥ ಮಾಜಿ ಸೈನಿಕರ ಸಂಘಗಳನ್ನು ಕಟ್ಟಿಕೊಂಡರು. ಆ ಸಂಘಗಳ ಆಶ್ರಯದಲ್ಲಿ ಡ್ರಮ್ಮು, ಬ್ಯೂಗಲ್ಲುಗಳ ಮೆರವಣಿಗೆ ತಂಡಗಳು ಹುಟ್ಟಿ, ಅವುಗಳ ನಡುವೆ ಪೈಪೋಟಿಯೂ ಬೆಳೆಯಿತು. ಚರ್ಚುಗಳು, ಸ್ಕೌಟ್ ದಳಗಳು ತಮ್ಮ ಹುಡುಗರಿಗಾಗಿ ಇದೇ ಮಾದರಿಯ ತಂಡಗಳನ್ನು ಕಟ್ಟಿದವು. ನ್ಯೂಜೆರ್ಸಿಯ ಗಾರ್‌ಫೀಲ್ಡ್ ಎಂಬ ಊರಿನಲ್ಲಿ 1934ರಲ್ಲಿ ಹೋಲಿ ನೇಮ್ ಕೆಡೆಟ್ಸ್ ಎಂಬ ಹೆಸರಿನಿಂದ ಆರಂಭವಾದ ತಂಡವು ಮುಂದೆ ಗಾರ್‌ಫೀಲ್ಡ್ ಕೆಡೆಟ್ಸ್ ಎಂದು ಪ್ರಸಿದ್ಧವಾದದ್ದು ಹೀಗೆ. ನಮ್ಮ ಮ್ಯಾಡಿಸನ್ ಸ್ಕೌಟ್ಸ್ ತಂಡದ ಮೂಲ ಅದರ ಹೆಸರಿನಲ್ಲೇ ಇದೆ.

ಐದು ಸ್ವರಗಳಲ್ಲಿ ಎಷ್ಟು ದಿನ ನುಡಿಸಲಾದೀತು? ಹೆಚ್ಚು ಸ್ವರಗಳು ಸಿಗಲೆಂದು, ಒತ್ತಿದರೆ ಸ್ವರ ಬದಲಾಗುವ ಒಂದು ಪಿಸ್ಟನ್ ವಾಲ್ವನ್ನು ಅಡ್ಡಲಾಗಿ ಅಳವಡಿಸಿದರು. ಆಮೇಲೆ ತಿರುಗುವ ಬಗೆಯ ಇನ್ನೊಂದು ವಾಲ್ವ್ ಸೇರಿತು. ಒಂದೊಂದು ಬದಲಾವಣೆಗೂ ಜಗಳ ನಡೆಯುತ್ತಿತ್ತು, ಏಕೆಂದರೆ ನಿಯಮ ಮಾಡುವವರು ಮಾಜಿ ಸೈನಿಕರ ಸಂಘದವರು, ನುಡಿಸುವವರು ಬೇರೆಯವರು. ಇಂಥ ಅಸಮಾಧಾನಗಳು ಕೂಡಿ, ಕ್ಯಾವಲಿಯರ್ಸ್ ತಂಡದ ಡಾನ್ ವಾರನ್, ವಯೋಮಿಂಗ್‌ನ ಟ್ರೂಪರ್ಸ್ ತಂಡದ ಜಿಮ್ ಜೋನ್ಸ್ ಮೊದಲಾದವರ ಮುಂದಾಳತ್ವದಲ್ಲಿ 1971ರಲ್ಲಿ ತಂಡಗಳೇ ಸೇರಿ ತಮ್ಮದೇ ಸಂಸ್ಥೆಯನ್ನು ಸ್ಥಾಪಿಸಿಕೊಂಡವು. ಅದೇ ಡ್ರಮ್ ಕೋರ್ ಇಂಟರ್‌ನ್ಯಾಷನಲ್. ಗಮನಿಸಿ, ಆ ಹೆಸರಿನಲ್ಲಿ ಆಗಲೇ ಬ್ಯೂಗಲ್ ಇರಲಿಲ್ಲ. ಅದರ ಮೊದಲ ಚಾಂಪಿಯನ್‌ಷಿಪ್ 1972ರಲ್ಲಿ ಮ್ಯಾಡಿಸನ್‌ಗೆ ಹತ್ತಿರದ ವೈಟ್‌ವಾಟರ್ ಎಂಬ ಸಣ್ಣ ಊರಿನಲ್ಲಿ ನಡೆದು, ಕ್ಯಾಲಿಫೋರ್ನಿಯದ ಅನಾಹೈಮ್ ಕಿಂಗ್ಸ್‌ಮೆನ್ ಗೆದ್ದಿತು. ಸ್ವಂತ ಸಂಸ್ಥೆಯಾದ ಮೇಲೆ ಬದಲಾವಣೆಗಳು ಬೇಗ ಬೇಗ ಬಂದವು: 1977ರಲ್ಲಿ ಎರಡು ವಾಲ್ವ್‌ಗಳ ಬ್ಯೂಗಲ್‌ಗೆ ಅನುಮತಿ ದೊರೆಯಿತು, 1990ರಲ್ಲಿ ಮೂರು ವಾಲ್ವ್‌ಗಳದ್ದಕ್ಕೆ.

ಇಷ್ಟಾದರೂ ಒಂದು ನಿಯಮ ಮಾತ್ರ ಕದಲಿರಲಿಲ್ಲ. ವಾದ್ಯಗಳೆಲ್ಲ ಪಾಶ್ಚಾತ್ಯ ಸಂಗೀತದ ‘ಜಿ’ ಸ್ವರವನ್ನು ಆಧಾರವಾಗಿಟ್ಟುಕೊಂಡ ಜಿ ಶ್ರುತಿಯವೇ ಆಗಿರಬೇಕಿತ್ತು, ಬಾಯಿ ಮುಂದಕ್ಕೆ ತೆರೆದಿರಬೇಕಿತ್ತು. ಸಾಮಾನ್ಯ ಟ್ರಂಪೆಟ್‌ಗಿಂತ ತುಸು ಕೆಳಗಿನ ಶ್ರುತಿಯಲ್ಲಿದ್ದ ಆ ಸೊಪ್ರಾನೊ ಬ್ಯೂಗಲ್‌ನಿಂದ ಹಿಡಿದು, ಭುಜದ ಮೇಲೆ ಹೊತ್ತು ನಡೆಯಬೇಕಾಗಿದ್ದ, ಎಲ್ಲಕ್ಕಿಂತ ಕೆಳಗಿನ ಸ್ವರದ ಕಾಂಟ್ರಾಬಾಸ್‌ನವರೆಗೆ, ಇಡೀ ತಂಡ ಒಂದೇ ವಂಶದ ವಾದ್ಯಗಳಿಂದ ಕೂಡಿತ್ತು. ಅವನ್ನು ಶ್ರುತಿಗೆ ತರುವುದು ಕಷ್ಟವೆಂದು ಬಲ್ಲವರೆಲ್ಲ ದೂರುತ್ತಿದ್ದರು. ಆದರೆ ಅವೆಲ್ಲ ಒಮ್ಮೆಗೇ ನುಡಿದಾಗ ಹೊಮ್ಮುತ್ತಿದ್ದ ದಪ್ಪನೆಯ, ಎದೆಗೆ ನೇರವಾಗಿ ಬಂದು ತಾಗುವ ನಾದವನ್ನು ನಾನು ಆಮೇಲೆ ಬೇರೆ ಯಾವ ವಾದ್ಯವೃಂದದಲ್ಲೂ ಕೇಳಿಲ್ಲ. ಹೊಸ ವಾದ್ಯಗಳು ಹೆಚ್ಚು ಶುದ್ಧವಾಗಿ ನುಡಿಯುತ್ತವೆ ಎಂಬುದನ್ನು ಒಪ್ಪುತ್ತೇನೆ. ಕಳೆದುಕೊಂಡದ್ದು ದೊಡ್ಡದೆಂದೇ ನನ್ನ ಅಭಿಪ್ರಾಯ.

ಮೊದಲ ಸಲ ಕೇಳಿದ ದಿನ ನನಗೆ ಸ್ಪಷ್ಟವಾಗಿ ನೆನಪಿದೆ. ಬಂದ ಹೊಸತು, ಹಗಲು ರಾತ್ರಿಗಳ ಲೆಕ್ಕ ತಪ್ಪಿತ್ತು. ಬಾಡಿಗೆ ಕೋಣೆಯಲ್ಲಿ ಬೆಳಿಗ್ಗೆ ಅರೆನಿದ್ದೆಯಲ್ಲಿದ್ದಾಗ ಹತ್ತಿರದ ಶಾಲೆಯ ಮೈದಾನದಿಂದ ಡ್ರಮ್ಮುಗಳ ಸದ್ದು ಕೇಳಿಸಿತು. ಬನ್ನಿಮಂಟಪದ ಪಂಜಿನ ಕವಾಯತನ್ನು ಚಿಕ್ಕಂದಿನಿಂದ ನೋಡುತ್ತ ಬೆಳೆದವನಿಗೆ ಆ ಸದ್ದು ಕೇಳಿಯೂ ಮಲಗಿರಲು ಸಾಧ್ಯವಿರಲಿಲ್ಲ. ಹೋಗಿ ನೋಡಿದರೆ ನೂರಕ್ಕೂ ಹೆಚ್ಚು ಹುಡುಗ ಹುಡುಗಿಯರು ಬಿಸಿಲಿನಲ್ಲಿ ಹತ್ತೇ ಸೆಕೆಂಡಿನ ಒಂದು ಚಲನೆಯನ್ನು ಮತ್ತೆ ಮತ್ತೆ ಮಾಡುತ್ತಿದ್ದರು. ಬೇಸಿಗೆಯುದ್ದಕ್ಕೂ ಬಸ್ಸುಗಳಲ್ಲಿ ಊರೂರು ಸುತ್ತಿ, ಶಾಲೆಗಳ ವ್ಯಾಯಾಮಶಾಲೆಯ ನೆಲದ ಮೇಲೆ ಮಲಗಿ, ಹನ್ನೊಂದು ಹನ್ನೆರಡು ನಿಮಿಷಗಳ ಒಂದೇ ಪ್ರದರ್ಶನವನ್ನು ಅವರು ತಿದ್ದುತ್ತ ಬಂದಿದ್ದರೆಂಬುದು ಆಮೇಲೆ ತಿಳಿಯಿತು. ವಯಸ್ಸಿನ ಮಿತಿ ಆಗ 21. ಅದನ್ನು ಮುಟ್ಟಿದವರಿಗೆ ಅಂತಿಮ ಸ್ಪರ್ಧೆಯ ರಾತ್ರಿಯೇ ಕೊನೆಯದು. ಮೈದಾನದಿಂದ ಹೊರಬರುತ್ತಲೇ ಅಳುತ್ತಿದ್ದವರನ್ನು ಪ್ರತಿ ಸಲವೂ ನೋಡಿದ್ದೇನೆ.

ನನ್ನನ್ನು ಆ ವರ್ಷ ಕ್ರೀಡಾಂಗಣಕ್ಕೆ ಕರೆದುಕೊಂಡು ಹೋದವರು ಪಕ್ಕದ ಮನೆಯ ಹಿರಿಯರು. ಹುಡುಗರಾಗಿದ್ದಾಗ ಅವರೂ ಒಂದು ತಂಡದಲ್ಲಿ ಡ್ರಮ್ ಬಾರಿಸಿದ್ದವರು. ಅಂದು ರಾತ್ರಿ ಗಾರ್‌ಫೀಲ್ಡ್ ಕೆಡೆಟ್ಸ್ ಸತತ ಮೂರನೆಯ ಬಾರಿ ಗೆದ್ದಿತು. ಆ ಸಂಸ್ಥೆಯ ಸ್ಪರ್ಧೆಗಳಲ್ಲಿ ಅದಕ್ಕೂ ಮೊದಲು ಯಾರೂ ಹಾಗೆ ಗೆದ್ದಿರಲಿಲ್ಲ. ಆದರೆ ನನ್ನ ನೆರೆಯವರ ಮಾತೆಲ್ಲ ಹಿಂದಿನ ಕಾಲದ್ದೇ. ಆಗ ತೀರ್ಪುಗಾರರು ನುಡಿಸುವವರ ಸಾಲುಗಳ ನಡುವೆಯೇ ಓಡಾಡಿ, ತಪ್ಪು ಕಂಡಲ್ಲೆಲ್ಲ ಕೈಯಲ್ಲಿದ್ದ ಹಾಳೆಯಲ್ಲಿ ಒಂದು ಗೀಟು ಎಳೆಯುತ್ತಿದ್ದರಂತೆ. ಒಂದು ಗೀಟಿಗೆ ಅಂಕದ ಹತ್ತನೆಯ ಒಂದು ಭಾಗ ಕಳೆಯುತ್ತಿತ್ತು. ಪೂರ್ಣಾಂಕದಿಂದ ಕೆಳಗಿಳಿಯುವ ಆ ಪದ್ಧತಿ ಹೋಗಿ, ಮಾಡಿದ್ದಕ್ಕೆ ಅಂಕ ಕೊಡುವ ಪದ್ಧತಿ ಬಂದದ್ದು 1984ರಲ್ಲಿ. ತಪ್ಪಿನ ಭಯ ತೊಲಗಿದ ಮೇಲೆಯೇ ತಂಡಗಳು ಓಡುತ್ತ, ವಕ್ರರೇಖೆಗಳಲ್ಲಿ ಹೆಣೆದುಕೊಳ್ಳುತ್ತ ನುಡಿಸುವ ಸಾಹಸಕ್ಕೆ ಧಾರಾಳವಾಗಿ ಇಳಿದದ್ದೆಂದು ನನಗನಿಸುತ್ತದೆ. ದೊಡ್ಡ ಟಿಂಪನಿ ಡ್ರಮ್ಮುಗಳನ್ನು ಈಗಿನಂತೆ ಮೈದಾನದ ಅಂಚಿನಲ್ಲಿ ನಿಲ್ಲಿಸದೆ, ಒಬ್ಬೊಬ್ಬ ಹುಡುಗ ಒಂದೊಂದನ್ನು ಹೊಟ್ಟೆಯ ಮೇಲೆ ಹೊತ್ತು ನಡೆಯುತ್ತಿದ್ದನೆಂಬುದನ್ನೂ ನಾನು ಕೇಳಿದ್ದು ಅವರಿಂದಲೇ. ನ್ಯೂಜೆರ್ಸಿಯ ಬ್ರಿಜ್‌ಮೆನ್ ತಂಡದ ಹಳದಿ ಉದ್ದಂಗಿಗಳನ್ನೂ ಅಗಲ ಅಂಚಿನ ಟೋಪಿಗಳನ್ನೂ ಅವರು ವರ್ಣಿಸುವಾಗ ಆ ತಂಡ ನಮ್ಮೆದುರೇ ನಿಂತಂತಾಗುತ್ತಿತ್ತು.

ಅದೇ ರಾತ್ರಿ ನಾನು ಮೊದಲ ಬಾರಿ ಕಂಡ ತಂಡ ಸ್ಟಾರ್ ಆಫ್ ಇಂಡಿಯಾನಾ. ಬ್ಲೂಮಿಂಗ್ಟನ್‌ನ ಉದ್ಯಮಿ ಬಿಲ್ ಕುಕ್ ಅವರ ಬೆಂಬಲದಿಂದ ಹುಟ್ಟಿದ ಆ ತಂಡಕ್ಕೆ ಅದು ಮೊದಲ ಸ್ಪರ್ಧಾ ವರ್ಷ, ಆದರೂ ಅಂತಿಮ ಹನ್ನೆರಡರೊಳಗೆ ಬಂದು ಹತ್ತನೆಯದಾಯಿತು. ಅಂದಿನಿಂದ ನಾನು ಅದರ ಪಕ್ಷಪಾತಿ. 1991ರಲ್ಲಿ ಅದು ಗೆದ್ದಿತು. 1993ರಲ್ಲಿ ಬಾರ್ಟೋಕ್, ಬಾರ್ಬರ್ ಅವರ ಕಠಿಣ ಸಂಗೀತವನ್ನು ಆರಿಸಿಕೊಂಡು, ಮಿಸಿಸಿಪಿಯ ಜಾಕ್ಸನ್‌ನಲ್ಲಿ ಕೆಡೆಟ್ಸ್ ತಂಡದ 97.4ರ ಎದುರು 97.3 ಅಂಕ ಪಡೆದು ಸೋತಿತು. ಚಪ್ಪಾಳೆಗಾಗಿ ಕಾಯದ, ಅಷ್ಟು ಒಳಮುಖವಾದ ಪ್ರದರ್ಶನವನ್ನು ಆ ಕ್ರೀಡಾಂಗಣಗಳು ಅದುವರೆಗೆ ಕಂಡಿರಲಿಲ್ಲ. ಅದೇ ಗೆಲ್ಲಬೇಕಿತ್ತೆಂದು ಇಂದಿಗೂ ನಂಬಿದ್ದೇನೆ. ಆ ಋತುವಿನ ನಂತರ ತಂಡವು ಸ್ಪರ್ಧೆಯನ್ನೇ ಬಿಟ್ಟು ರಂಗಮಂದಿರಗಳತ್ತ ನಡೆಯಿತು. ಅದರಿಂದ ಬೆಳೆದ ‘ಬ್ಲಾಸ್ಟ್’ ಎಂಬ ರಂಗಪ್ರದರ್ಶನಕ್ಕೆ 2001ರಲ್ಲಿ ಟೋನಿ ಪ್ರಶಸ್ತಿ ಬಂತು.

ಈಗ ನಿಮ್ಮ ಮೊದಲ ಪ್ರಶ್ನೆಯ ನೇರ ಉತ್ತರಕ್ಕೆ ಬರುತ್ತೇನೆ. 1999ರ ಋತುವೇ ಜಿ ಶ್ರುತಿಯ ವಾದ್ಯಗಳು ಕಡ್ಡಾಯವಾಗಿದ್ದ ಕೊನೆಯ ವರ್ಷ. 2000ದಿಂದ ಯಾವ ಶ್ರುತಿಯ ಹಿತ್ತಾಳೆ ವಾದ್ಯವನ್ನಾದರೂ ಬಳಸಬಹುದೆಂದು ನಿಯಮ ಬದಲಾಯಿತು. ಶಾಲಾ ಬ್ಯಾಂಡುಗಳಲ್ಲಿ ಟ್ರಂಪೆಟ್ ಕಲಿತು ಬರುವ ಮಕ್ಕಳಿಗೆ ಪರಿಚಿತ ಶ್ರುತಿ ಅನುಕೂಲ; ಜಿ ಶ್ರುತಿಯ ವಾದ್ಯಗಳಿಗಾದರೋ ಈ ತಂಡಗಳನ್ನು ಬಿಟ್ಟರೆ ಬೇರೆ ಗಿರಾಕಿಗಳೇ ಇರಲಿಲ್ಲ. ಕೆಲವೇ ವರ್ಷಗಳಲ್ಲಿ ಪ್ರಮುಖ ತಂಡಗಳೆಲ್ಲ ಹೊಸ ವಾದ್ಯಗಳಿಗೆ ಬದಲಾದವು. ನೀವು ನೋಡಿದ್ದು ಆ ವಾದ್ಯಗಳನ್ನೇ. 2004ರಲ್ಲಿ ಧ್ವನಿವರ್ಧಕಗಳು, 2009ರಲ್ಲಿ ಎಲೆಕ್ಟ್ರಾನಿಕ್ ವಾದ್ಯಗಳು ಬಂದವು.

ಜಿ ಶ್ರುತಿಯ ಕೊನೆಯ ವರ್ಷವಾದ 1999ರ ಅಂತಿಮ ಸ್ಪರ್ಧೆಯೂ ಮ್ಯಾಡಿಸನ್‌ನಲ್ಲೇ ನಡೆಯಿತು. ಹನ್ನೆರಡು ತಂಡಗಳೂ ಮೈದಾನದಲ್ಲಿ ಸಾಲಾಗಿ ನಿಂತಿರಲು, ಕೊನೆಯ ಸ್ಥಾನದಿಂದ ಮೇಲಕ್ಕೆ ಒಂದೊಂದೇ ಅಂಕವನ್ನು ಘೋಷಿಸುತ್ತ ಬಂದು, ಕಡೆಗೆ ಬ್ಲೂ ಡೆವಿಲ್ಸ್ ಮತ್ತು ಸಾಂಟಾ ಕ್ಲಾರಾ ವ್ಯಾನ್‌ಗಾರ್ಡ್ ತಂಡಗಳು ಸಮಾನ ಅಂಕ ಪಡೆದಿವೆಯೆಂದಾಗ ಇಡೀ ಕ್ರೀಡಾಂಗಣ ಎದ್ದು ನಿಂತಿತು. ಗೆದ್ದ ಎರಡೂ ತಂಡಗಳ ಕೈಯಲ್ಲಿದ್ದದ್ದು ಜಿ ಬ್ಯೂಗಲ್‌ಗಳೇ. ನನ್ನ ನೆರೆಯ ಹಿರಿಯರು ಅಷ್ಟರಲ್ಲಿ ತೀರಿಕೊಂಡಿದ್ದರು. ಅವರು ಕೊಟ್ಟಿದ್ದ ಹಳೆಯ ಎಲ್‌ಪಿ ತಟ್ಟೆಗಳು ಮಾತ್ರ ನನ್ನ ಬಳಿ ಉಳಿದಿದ್ದವು.

ವ್ಯತ್ಯಾಸವನ್ನು ನೀವೇ ಕೇಳಿ ತಿಳಿಯಬೇಕೆಂದಿದ್ದರೆ, ಮ್ಯಾಡಿಸನ್ ಸ್ಕೌಟ್ಸ್ 1988ರಲ್ಲಿ ಕಾನ್ಸಾಸ್ ಸಿಟಿಯಲ್ಲಿ ಗೆದ್ದ ಪ್ರದರ್ಶನದ ಧ್ವನಿಮುದ್ರಣವನ್ನು ಹುಡುಕಿ, ಹೆಡ್‌ಫೋನ್ ಬಿಟ್ಟು ದೊಡ್ಡ ಸ್ಪೀಕರಿನಲ್ಲಿ ಕೇಳಿ. ಅದಾದ ಮೇಲೆ ಈಚಿನ ಯಾವ ವಿಜೇತ ತಂಡದ್ದನ್ನಾದರೂ ಕೇಳಿ. ಜಿ ಬ್ಯೂಗಲ್‌ಗಳನ್ನು ಇಂದಿಗೂ ಎತ್ತಿ ನುಡಿಸುವ ಹಳೆಯ ಸದಸ್ಯರ ತಂಡಗಳು ಅಮೆರಿಕದಲ್ಲಿ ಅಲ್ಲಲ್ಲಿ ಇವೆ. ಎಂದಾದರೂ ಅಂಥದೊಂದರ ಎದುರು ನಿಲ್ಲುವ ಅವಕಾಶ ಸಿಕ್ಕಿದರೆ, ದಯವಿಟ್ಟು ಮುಂದಿನ ಸಾಲಿನಲ್ಲೇ ನಿಲ್ಲಿ.