ಸಾಫ್ಟ್‌ನರ್ ಮಾಳಿಗೆ ಮೇಲೆ ಬೇಡ, ಸಂಪಿನ ಪಕ್ಕ ಕೂಡಿಸಿ

ಪ್ರಶ್ನೆ: ವಿಜಯಪುರದ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿದ್ದೇವೆ. ನಳದ ನೀರು ದಿನಾ ಬರುವುದಿಲ್ಲ, ಬೋರ್ ನೀರೇ ಆಧಾರ. ಎರಡನ್ನೂ ಒಂದೇ ಸಂಪಿಗೆ ಬಿಡುತ್ತೇವೆ. ಬೋರ್ ನೀರಿನ ರಿಪೋರ್ಟ್‌ನಲ್ಲಿ ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಟಿಡಿಎಸ್ (ನೀರಲ್ಲಿ ಕರಗಿದ ಒಟ್ಟು ಲವಣ) 1,450, ಗಡಸುತನ 720, ನೈಟ್ರೇಟ್ 60 ಅಂತ ಬಂದಿದೆ. ಮನೆಯಲ್ಲಿ ಆರು ಜನ, ಜೊತೆಗೆ ನಾಲ್ಕು ತಿಂಗಳ ಮಗು. ಅಂಗಡಿಯವರು ಇಡೀ ಮನೆಗೆ ಗಡಸುತನ ತೆಗೆಯುವ ಸಾಫ್ಟ್‌ನರ್, ಅದೂ 25 ಲೀಟರ್ ರೆಸಿನ್ (ಗಡಸುತನ ಹಿಡಿಯುವ ಸಣ್ಣ ಮಣಿಗಳು) ಇರುವುದನ್ನು ಹಾಕಿಸಿ ಅಂತಾರೆ. ಪ್ಲಂಬರ್ ಅದನ್ನು ಮಾಳಿಗೆ ಮೇಲೆ, ಟ್ಯಾಂಕಿನ ಕೆಳಗೆ ಕೂಡಿಸುತ್ತೇನೆ ಅಂತಿದ್ದಾರೆ. ಹಾಕಿಸಬಹುದಾ?

ಉತ್ತರ: ಮಷಿನ್ ಕೊಳ್ಳುವ ಮೊದಲೇ ನೀರು ಪರೀಕ್ಷೆ ಮಾಡಿಸಿದ್ದೀರಿ, ಬಹಳ ಒಳ್ಳೇದಾಯ್ತು. ಆ ರಿಪೋರ್ಟ್‌ನಲ್ಲಿ ನನ್ನ ಕಣ್ಣು ಮೊದಲು ಹೋಗಿದ್ದು ಗಡಸುತನದ ಮೇಲಲ್ಲ, ನೈಟ್ರೇಟ್ ಮೇಲೆ. ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ದೊಡ್ಡವರಿಗಿಂತ ಬಾಟಲಿ ಹಾಲು ಕುಡಿಯುವ ಎಳೆ ಮಕ್ಕಳಿಗೆ ಇದರ ಅಪಾಯ ಜಾಸ್ತಿ. ರಕ್ತ ಆಮ್ಲಜನಕ ಒಯ್ಯುವ ಶಕ್ತಿ ಕಳೆದುಕೊಂಡು ಮಗುವಿನ ಮೈ ನೀಲಿಗಟ್ಟಬಹುದು. ತಾಯಿ ಹಾಲು ಮಾತ್ರ ಕುಡಿಯುತ್ತಿದ್ದರೆ ಆ ಚಿಂತೆ ಇಲ್ಲ. ಪುಡಿ ಹಾಲು ಕಲಸುತ್ತಿದ್ದರೆ ಇವತ್ತಿನಿಂದಲೇ ಬೋರ್ ನೀರು ನಿಲ್ಲಿಸಿ. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಇನ್ನೂ ಗಟ್ಟಿಯಾಗುತ್ತದೆ. ಸಾಫ್ಟ್‌ನರ್ ಕೂಡ ಅದನ್ನು ತೆಗೆಯುವುದಿಲ್ಲ. ಬೋರ್‌ನ ಹತ್ತಿರ ನಿಮ್ಮದೋ ಪಕ್ಕದವರದೋ ಶೌಚದ ಗುಂಡಿ ಇದೆಯಾ ನೋಡಿ. ಇದ್ದರೆ ಬ್ಯಾಕ್ಟೀರಿಯಾ ಪರೀಕ್ಷೆಯನ್ನೂ ಮಾಡಿಸಿ.

ನಿಮ್ಮ ನಳಕ್ಕೆ ಕೊಲ್ಹಾರದಿಂದ ಬರುವ ಕೃಷ್ಣಾ ನೀರನ್ನು ಬೋರ್ ನೀರಿನ ಜೊತೆ ಬೆರೆಸುವುದು ನನಗೆ ತೀರಾ ಸಂಕಟದ ವಿಷಯ. ನಳದ ನೀರಿಗೆ ಒಂದು 500 ಅಥವಾ 1,000 ಲೀಟರ್ ಟ್ಯಾಂಕ್ ಬೇರೆ ಇಡಿ. ಅದರಿಂದ ಒಂದೇ ಪೈಪು ಅಡುಗೆಮನೆಗೆ ಬರಲಿ. ಬೇಳೆ ಬೇಯಲಿಕ್ಕೆ, ಚಹಾಕ್ಕೆ, ಕುಡಿಯಲಿಕ್ಕೆ ಅಷ್ಟು ಸಾಕು. ಮಗುವಿನ ಹಾಲಿಗೂ ಇದೇ ನೀರನ್ನು ಕುದಿಸಿ ಬಳಸಿ.

ಇನ್ನು ಸಾಫ್ಟ್‌ನರ್. 720 ಗಡಸುತನಕ್ಕೆ ಅದು ಬೇಕೇ ಬೇಕು, ಇಲ್ಲಾಂದ್ರೆ ಗೀಸರ್ ಕಾಯಿಲ್‌ಗೆ ಸುಣ್ಣ ಕಟ್ಟಿ ಕೆಡುತ್ತಾ ಇರುತ್ತದೆ. ಆದರೆ ಇಡೀ ಮನೆಗೆ ಬೇಡ. ಲೆಕ್ಕ ನೋಡಿ. ಒಂದು ಲೀಟರ್ ರೆಸಿನ್ ಸುಮಾರು 50 ಗ್ರಾಂ ಗಡಸುತನ ಹಿಡಿಯುತ್ತದೆ. 25 ಲೀಟರಿಗೆ 1,250 ಗ್ರಾಂ ಆಯಿತು. ಸ್ನಾನ, ಬಟ್ಟೆ, ಪಾತ್ರೆಗೆ ದಿನಕ್ಕೆ 500 ಲೀಟರ್ ಅಂದರೆ 360 ಗ್ರಾಂ. ಮೂರು ದಿನಕ್ಕೊಮ್ಮೆ ಉಪ್ಪು ಹಾಕಿ ತೊಳೆಯಬೇಕು, ಪ್ರತಿ ಸಲ ಸುಮಾರು 3 ಕಿಲೋ ಉಪ್ಪು. ಶೌಚಾಲಯ, ಅಂಗಳ, ಗಿಡಗಳಿಗೂ ಸೇರಿಸಿ 900 ಲೀಟರ್ ಹಾಯಿಸಿದರೆ ಎರಡು ದಿನಕ್ಕೊಮ್ಮೆ ಆ ಕೆಲಸ. ಸ್ವಲ್ಪ ದಿನ ಮಾಡಿ ಬೇಸತ್ತು ಬಿಟ್ಟುಬಿಡುತ್ತೀರಿ. ಹಾಗೆ ಬಿಟ್ಟ ಮಷಿನ್‌ಗಳನ್ನು ನಮ್ಮೂರಲ್ಲಿ ಬೇಕಾದಷ್ಟು ನೋಡಿದ್ದೇನೆ. ಶೌಚಾಲಯದ ಫ್ಲಶ್ ಮತ್ತು ಅಂಗಳದ ನಳಗಳಿಗೆ ಹಸಿ ಬೋರ್ ನೀರಿನ ಪೈಪು ಬೇರೆಯೇ ಎಳೆಸಿ. ಗೋಡೆಗೆ ಗಿಲಾವ್ ಇನ್ನೂ ಆಗಿಲ್ಲದಿದ್ದರೆ ಅದಕ್ಕೂ ಮೊದಲೇ ಇದನ್ನು ಮುಗಿಸಿ.

ಮಾಳಿಗೆ ಮೇಲೆ ಯಾಕೆ ಬೇಡ ಅಂದರೆ ಒತ್ತಡ ಸಾಲದು. ನೀರು ಹತ್ತು ಮೀಟರ್ ಎತ್ತರದಲ್ಲಿದ್ದರೆ ಒಂದು ಬಾರ್ ಒತ್ತಡ. ನಿಮ್ಮ ಟ್ಯಾಂಕಿನಿಂದ ಮಷಿನ್‌ಗೆ ಎರಡು ಮೀಟರ್ ಇದ್ದೀತು, 0.2 ಬಾರ್ ಅಷ್ಟೇ. ಅಷ್ಟರಲ್ಲಿ ರೆಸಿನ್ ಮೇಲೆದ್ದು ತೊಳೆದುಕೊಳ್ಳುವುದಿಲ್ಲ, ಬಾತ್‌ರೂಮಿನ ಶವರ್ ಕೂಡ ಸೊರಗುತ್ತದೆ. ಮೇಲಾಗಿ ನಮ್ಮ ಏಪ್ರಿಲ್-ಮೇ ಬಿಸಿಲಿಗೆ ಪ್ಲಾಸ್ಟಿಕ್ ವಾಲ್ವ್ ಬಹಳ ದಿನ ತಾಳುವುದಿಲ್ಲ.

ಸಂಪಿನ ಪಕ್ಕ, ಮೆಟ್ಟಿಲ ಕೆಳಗೆ ಕೂಡಿಸಿ. ಬೋರ್ ನೀರು ಮೊದಲು ಸಂಪಿಗೆ ಬಿದ್ದು ಮಣ್ಣು ತಳ ಸೇರಲಿ. ಅಲ್ಲಿಂದ ಪಂಪು, ವಾಪಸ್ ಹೋಗದಂತೆ ನಾನ್ ರಿಟರ್ನ್ ವಾಲ್ವ್, ಕಸ ಹಿಡಿಯುವ ಫಿಲ್ಟರ್, ಆಮೇಲೆ ಸಾಫ್ಟ್‌ನರ್, ಅಲ್ಲಿಂದ ಮೇಲಿನ ಟ್ಯಾಂಕು. ಪಂಪು ನಡೆಯುವಾಗ ಮಾತ್ರ ಒತ್ತಡ ಇರುವುದರಿಂದ ರಾತ್ರಿ ತಾನೇ ತೊಳೆದುಕೊಳ್ಳುವ ಆಟೋಮ್ಯಾಟಿಕ್ ವಾಲ್ವ್‌ಗೆ ದುಡ್ಡು ಹಾಕಬೇಡಿ. ಕೈಯಿಂದ ತಿರುಗಿಸುವ ಮಲ್ಟಿಪೋರ್ಟ್ ವಾಲ್ವ್ ಸಾಕು.

ಪಂಪಿನ ವೇಗ ಹೆಚ್ಚಿನವರು ನೋಡುವುದೇ ಇಲ್ಲ. 25 ಲೀಟರ್ ರೆಸಿನ್‌ಗೆ ಗಂಟೆಗೆ ಸಾವಿರ ಲೀಟರ್ ಮಿತಿ. ಒಂದು ಎಚ್‌ಪಿ ಪಂಪು ಅದರ ಎರಡು-ಮೂರು ಪಟ್ಟು ತಳ್ಳಬಹುದು. ಆಗ ನೀರು ರೆಸಿನ್ ಮೇಲೆ ಓಡಿ ಹೋಗುತ್ತದೆ, ಗಡಸು ಹಾಗೇ ಉಳಿಯುತ್ತದೆ. ಮೇಲಿನ ಟ್ಯಾಂಕಿಗೆ ನೀರು ಬೀಳುವ ಕಡೆ 20 ಲೀಟರ್ ಕ್ಯಾನ್ ಹಿಡಿಯಿರಿ. 70 ಸೆಕೆಂಡಿಗಿಂತ ಬೇಗ ತುಂಬಿದರೆ ಪಂಪಿನಿಂದ ನೀರು ಹೊರಡುವ ಕಡೆಯ ವಾಲ್ವ್ ಸ್ವಲ್ಪ ಬಿಗಿ ಮಾಡಿ, ಮತ್ತೆ ಹಿಡಿದು ನೋಡಿ.

ಪ್ಲಂಬರ್‌ಗೆ ಇನ್ನೂ ಎರಡು ಮಾತು ಹೇಳಿ. ಮಷಿನ್‌ನ ಎರಡೂ ಕಡೆ ಯೂನಿಯನ್ (ಬಿಚ್ಚಿ ಜೋಡಿಸುವ ಜಾಯಿಂಟ್), ಜೊತೆಗೆ ಮಷಿನ್ ಬಿಟ್ಟು ನೀರು ಹಾಯಲು ಮೂರು ವಾಲ್ವ್‌ನ ಬೈಪಾಸ್ ಇರಲೇಬೇಕು, ರಿಪೇರಿ ದಿನ ಮನೆ ನೀರು ನಿಲ್ಲಬಾರದು. ತೊಳೆದ ನೀರಿನ ಪೈಪು ಗಟಾರದ ಬಾಯಿಂದ ನಾಲ್ಕು ಬೆರಳು ಮೇಲೇ ನಿಲ್ಲಲಿ. ಒಳಗೆ ಮುಳುಗಿದ್ದರೆ ಹೊಲಸು ನೀರು ಮಷಿನ್‌ಗೆ ಎಳೆದುಕೊಂಡೀತು. ಆ ಉಪ್ಪು ನೀರನ್ನು ತೆಂಗಿನ ಬುಡಕ್ಕಂತೂ ಬಿಡಬೇಡಿ. ನಮ್ಮದು ಎರಿ ಮಣ್ಣು, ಸೋಡಿಯಂ ಸೇರಿದರೆ ಬಿಗಿದುಕೊಂಡು ನೀರು ಇಂಗುವುದೇ ನಿಲ್ಲುತ್ತದೆ.

ಸಾಫ್ಟ್‌ನರ್ ಹಾಕಿದ ಮೇಲೆ ಟಿಡಿಎಸ್ ಮೀಟರ್ ಅದೇ 1,450ರ ಆಸುಪಾಸು ತೋರಿಸುತ್ತದೆ. ಗಾಬರಿಯಾಗಬೇಡಿ. ಸುಣ್ಣದ ಜಾಗಕ್ಕೆ ಸೋಡಿಯಂ ಬಂದಿದೆ ಅಷ್ಟೇ. ಅದಕ್ಕೇ ಬಿಪಿ ಇರುವವರು ಈ ನೀರು ಕುಡಿಯಬಾರದು. ನಳದ ನೀರು ತಪ್ಪಿದ ದಿನಗಳಿಗೆ ಒಂದು ಸಣ್ಣ ಆರ್‌ಒ ಇಟ್ಟುಕೊಳ್ಳಿ, ಅದಕ್ಕೆ ಸಾಫ್ಟ್ ನೀರಿನ ಪೈಪಿಂದಲೇ ಕನೆಕ್ಷನ್ ಕೊಡಿ. ಅದರೊಳಗಿನ ಸೋಸುವ ಪೊರೆಗೆ (ಮೆಂಬ್ರೇನ್) ಸುಣ್ಣ ಕಟ್ಟುವುದಿಲ್ಲ, ಸೋಡಿಯಮ್ಮೂ ಬಹುಪಾಲು ಹೋಗುತ್ತದೆ. ಆರ್‌ಒ ನೀರಿನ ನೈಟ್ರೇಟ್ ಒಮ್ಮೆ ಪರೀಕ್ಷೆ ಮಾಡಿಸಿದ ಮೇಲೇ ಮಗುವಿಗೆ ಕೊಡಿ.

ಪ್ರಶ್ನೆ: ಇಳಕಲ್ ಹತ್ತಿರದ ಹಳ್ಳಿ ನಮ್ಮದು. ಬೋರ್ ನೀರಲ್ಲಿ ಫ್ಲೋರೈಡ್ 2.4 ಇದೆ. ಕುದಿಸಿ ಕುಡಿದರೆ ಸಾಕಾ?

ಉತ್ತರ: ಸಾಲದು ಅಕ್ಕ. ಅದೂ ಕುದಿಸಿದರೆ ಗಟ್ಟಿಯಾಗುತ್ತದೆ. ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಸಿಗದಿದ್ದರೆ 1.5. ಗ್ರಾನೈಟ್ ಕಲ್ಲಿನ ನೆಲದಲ್ಲಿ ಇದು ಸಾಮಾನ್ಯ. ಮಕ್ಕಳ ಹೊಸ ಹಲ್ಲು ರೂಪುಗೊಳ್ಳುವ ವಯಸ್ಸಲ್ಲಿ ಕಲೆ ಬಿದ್ದರೆ ಹೋಗುವುದಿಲ್ಲ. ಊರಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಚೆನ್ನಾಗಿ ನಡೆಯುತ್ತಿದ್ದರೆ ಕುಡಿಯಲು ಮಾತ್ರ ಅಲ್ಲ, ಅಡುಗೆಗೂ ಅದೇ ನೀರು ತನ್ನಿ. ಸ್ನಾನಕ್ಕೆ, ಬಟ್ಟೆಗೆ ಬೋರ್ ನೀರು ತೊಂದರೆಯಿಲ್ಲ.

ಪ್ರಶ್ನೆ: ಬೆಳಗಾವಿಯಲ್ಲಿ ನಮಗೆ ಕಾರ್ಪೊರೇಷನ್ ನೀರು. ಟಿಡಿಎಸ್ 110. ಆರ್‌ಒ ತಗೊಳ್ಳಿ ಅಂತ ಮಾರುವವರು ಬೆನ್ನು ಬಿದ್ದಿದ್ದಾರೆ.

ಉತ್ತರ: ತಗೋಬೇಡಿ. ರಕ್ಕಸಕೊಪ್ಪ ಮತ್ತು ಹಿಡಕಲ್ ಜಲಾಶಯಗಳಿಂದ ಬರುವ ಅಷ್ಟು ಹಗುರ ನೀರನ್ನು ಆರ್‌ಒಗೆ ಹಾಕಿ ಅರ್ಧಕ್ಕಿಂತ ಜಾಸ್ತಿ ಗಟಾರಕ್ಕೆ ಬಿಡುವುದು ಅನ್ಯಾಯ. ಮಳೆಗಾಲದ ಕೆಂಪು ನೀರಿಗೆ ಕಸದ ಫಿಲ್ಟರ್, ವಾಸನೆಗೆ ಕಾರ್ಬನ್, ಕ್ರಿಮಿಗಳಿಗೆ ಯುವಿ, ಇಷ್ಟೇ ಬೇಕು. ಯುವಿ ದೀಪವನ್ನು ಮಾತ್ರ ವರ್ಷಕ್ಕೊಮ್ಮೆ ಬದಲಿಸಿ. ನೀಲಿ ಬೆಳಕು ಕಾಣುತ್ತಿದ್ದರೂ ಆಮೇಲೆ ಅದಕ್ಕೆ ಕ್ರಿಮಿ ಕೊಲ್ಲುವಷ್ಟು ಶಕ್ತಿ ಇರುವುದಿಲ್ಲ.