ಓವನ್ ಇಲ್ಲ, ಮೊಟ್ಟೆ ಬೇಡ: ಮಕ್ಕಳ ಜೊತೆ ಮನೆಯಲ್ಲೇ ಕೇಕು, ನಾನ್‌ಖಟಾಯ್

ತಂಗಿ, ನಿಮ್ಮ ಪ್ರಶ್ನೆ ಓದಿದೆ. ದಸರಾ ರಜೆ, 5 ಮತ್ತು 9 ವರ್ಷದ ಇಬ್ಬರು ಮಕ್ಕಳು, ಸಂಜೆಯಾದರೆ ಬೇಕರಿಗೆ ಹೋಗೋಣ ಅಂತ ಹಟ, ಮನೆಯಲ್ಲಿ ಓವನ್ ಇಲ್ಲ, ಅತ್ತೆಯವರು ಮೊಟ್ಟೆ ಮುಟ್ಟುವುದಿಲ್ಲ, ತಿಂಗಳ ಕೊನೆ ಬೇರೆ. ಹೀಗಿರುವಾಗ ಮಕ್ಕಳ ಜೊತೆ ಮನೆಯಲ್ಲೇ ಏನು ಮಾಡಬಹುದು ಅಂತ ಕೇಳಿದ್ದೀರಿ. ನಿಮ್ಮ ಪ್ರಶ್ನೆಯ ಕೆಳಗೆ ಕೆಲವರು ಚಿಕ್ಕ ಓವನ್ ತಗೊಳ್ಳಿ, ಸಿಲಿಕಾನ್ ಅಚ್ಚು ತರಿಸಿ, ಕೇಕ್ ಮಿಕ್ಸ್ ಪಾಕೀಟು ಸುಲಭ ಅಂತ ಬರೆದಿದ್ದಾರೆ. ನಾನು ಹೇಳುವುದು ಅದಕ್ಕೆ ಉಲ್ಟಾ. ಸದ್ಯಕ್ಕೆ ಅದ್ಯಾವುದೂ ಬೇಡ. ದಿನಾ ರೊಟ್ಟಿ, ಚಪಾತಿ ಮಾಡುವ ಅಡುಗೆಮನೆಯಲ್ಲಿ ಇರುವುದರಲ್ಲೇ ಕೇಕೂ ಆಗುತ್ತದೆ, ನಾನ್‌ಖಟಾಯೂ ಆಗುತ್ತದೆ. ಅಂಗಡಿಯಿಂದ ತರಬೇಕಾದದ್ದು ಅಡುಗೆ ಸೋಡಾ ಮತ್ತು ಬೇಕಿಂಗ್ ಪೌಡರ್, ಎರಡೇ. ಅವನ್ನೂ ಚಿಕ್ಕ ಡಬ್ಬಿಯಲ್ಲೇ ತಗೊಳ್ಳಿ. ದೊಡ್ಡ ಡಬ್ಬಿ ಅಗ್ಗ ಅನ್ನಿಸುತ್ತದೆ, ಆದರೆ ಮುಗಿಯುವುದರೊಳಗೆ ಪುಡಿಯ ಕಸುವು ಹೋಗಿರುತ್ತದೆ.

ಕೇಕ್ ಮಿಕ್ಸ್ ಪಾಕೀಟಿನ ಹಿಂದೆ ಬರೆದದ್ದನ್ನು ಒಮ್ಮೆ ಓದಿ. ಹೆಚ್ಚಿನ ಪಾಕೀಟುಗಳಲ್ಲಿ ಮೈದಾ, ಸಕ್ಕರೆ, ಉಬ್ಬಿಸುವ ಪುಡಿ, ಒಂದಿಷ್ಟು ವಾಸನೆ, ಅಷ್ಟೇ. ಎಣ್ಣೆ, ಹಾಲು ಮತ್ತೆ ನಾವೇ ಹಾಕಬೇಕು. ದುಡ್ಡಿನ ಮಾತು ಬಿಡಿ, ನನಗೆ ಇನ್ನೊಂದು ಬೇಜಾರು ಏನಂದರೆ, ಪಾಕೀಟು ಒಡೆದು ಸುರಿದರೆ ಮಕ್ಕಳಿಗೆ ಮಾಡಲು ಕೆಲಸವೇ ಇರುವುದಿಲ್ಲ. ನೀವು ಕೇಳಿದ್ದು ಮಕ್ಕಳ ಜೊತೆ ಮಾಡುವುದನ್ನು ಅಲ್ವಾ? ಅಳೆಯುವುದು, ಸೋಸುವುದು, ಕಲಸುವುದು, ಬೆಲ್ಲ ಕುಟ್ಟುವುದು, ಇದೆಲ್ಲ ಅವರ ಕೈಗೆ ಬರಬೇಕು. ತಾನೇ ಅಳೆದು ಹಾಕಿದ ಕೇಕು ಅಂದರೆ ಅದು ಸ್ವಲ್ಪ ವಾಲಿದ್ದರೂ ಮಗು ಖುಷಿಯಿಂದ ತಿನ್ನುತ್ತದೆ, ಬೇಕರಿಯ ಕ್ರೀಮು ಕೇಳುವುದಿಲ್ಲ.

ಮೊದಲು ಕೇಕು. ಕಾಲು ಲೀಟರ್ ನೀರು ಹಿಡಿಯುವ ಒಂದು ಸ್ಟೀಲ್ ಲೋಟ ಆರಿಸಿಕೊಳ್ಳಿ. ಎಲ್ಲ ಅಳತೆಯೂ ಅದೇ ಲೋಟದಲ್ಲಿ ಆಗಬೇಕು. ಒಂದೂವರೆ ಲೋಟ ಗೋಧಿ ಹಿಟ್ಟು, ಒಂದು ಲೋಟ ಮೊಸರು, ಮುಕ್ಕಾಲು ಲೋಟ ಸಕ್ಕರೆ, ಅರ್ಧ ಲೋಟ ಎಣ್ಣೆ. ಒಂದೂಕಾಲು ಟೀ ಚಮಚ ಬೇಕಿಂಗ್ ಪೌಡರ್, ಅರ್ಧ ಟೀ ಚಮಚ ಸೋಡಾ, ಒಂದು ಚಿಟಿಕೆ ಉಪ್ಪು. ಬೆಣ್ಣೆ ಬೇಡ, ಅದರ ಖರ್ಚು ಜಾಸ್ತಿ, ಮತ್ತೆ ಎಣ್ಣೆ ಹಾಕಿದ ಕೇಕು ಮರುದಿನವೂ ಮೆತ್ತಗಿರುತ್ತದೆ. ಎಣ್ಣೆ ಸೂರ್ಯಕಾಂತಿಯದ್ದಾದರೆ ಒಳ್ಳೆಯದು. ಗಾಣದ ಶೇಂಗಾ ಎಣ್ಣೆ ಪಲ್ಯಕ್ಕೆ ಎಷ್ಟೇ ರುಚಿ ಇದ್ದರೂ ಕೇಕಿನಲ್ಲಿ ಅದರ ವಾಸನೆ ಮುಂದೆ ಬರುತ್ತದೆ. ವೆನಿಲ್ಲಾ ಬಾಟಲಿಗೂ ದುಡ್ಡು ಹಾಕಬೇಡಿ. ನಾಲ್ಕೈದು ಏಲಕ್ಕಿ ಕುಟ್ಟಿ ಹಾಕಿ. ಏಲಕ್ಕಿ ಕಂಪಿನ ಊರು ಅಂತ ಹೆಸರಾದ ಹಾವೇರಿ ನಿಮ್ಮ ಪಕ್ಕದಲ್ಲೇ ಇದೆ, ಅಲ್ಲಿಗೆ ಹೋಗುವವರು ಯಾರಾದರೂ ಇದ್ದರೆ ತರಿಸಿಕೊಳ್ಳಿ.

ಗಿರಣಿಯಲ್ಲಿ ಬೀಸಿಸಿದ ಹಿಟ್ಟು ಆದರೆ ಎರಡು ಸಲ ಸಣ್ಣ ಜರಡಿ ಹಿಡಿಯಬೇಕು. ಇದು ನಿಮ್ಮ ಸಣ್ಣ ಮಗುವಿನ ಕೆಲಸ. ಕೆಳಗೆ ಹಳೇ ಪೇಪರ್ ಹಾಸಿ, ಪರಾತ ಇಟ್ಟು ಕೂರಿಸಿ, ಚೆಲ್ಲಿದರೆ ಚೆಲ್ಲಲಿ. ಉಳಿದ ತವುಡು ಎಸೆಯಬೇಡಿ, ಚಪಾತಿ ಹಿಟ್ಟಿಗೆ ಹಾಕಿ. ದೊಡ್ಡ ಮಗುವಿಗೆ ಅಳತೆ ಕೊಡಿ. ಒಂದೂವರೆ ಅಂದರೆ ಎಷ್ಟು, ಮುಕ್ಕಾಲು ಅಂದರೆ ಎಷ್ಟು, ಅದೇ ಹೇಳಲಿ. ಅರ್ಧ ಕೇಕು ಮಾಡೋಣ, ಎಲ್ಲ ಅರ್ಧ ಮಾಡು ಅಂತ ಹೇಳಿ ನೋಡಿ, ಮುಕ್ಕಾಲಿನ ಅರ್ಧ ಎಷ್ಟು ಅಂತ ಲೋಟ ಹಿಡಿದು ಯೋಚನೆ ಮಾಡುತ್ತದೆ. ಶಾಲೆಯಲ್ಲಿ ಹಲಗೆ ಮೇಲೆ ತಿಳಿಯದ್ದು ಇಲ್ಲಿ ಕೈಯಲ್ಲಿ ತಿಳಿಯುತ್ತದೆ.

ಹಿಟ್ಟು ಕಲಸುವ ಮುಂಚೆಯೇ ಒಲೆ ಸಿದ್ಧ ಆಗಬೇಕು. ಇದನ್ನು ಬಹಳ ಜನ ಕೊನೆಗೆ ಮಾಡುತ್ತಾರೆ, ಆಮೇಲೆ ಕೇಕು ಉಬ್ಬಲಿಲ್ಲ ಅಂತಾರೆ. ಕಾರಣ ಹೇಳುತ್ತೇನೆ. ಸೋಡಾ ಹುಳಿಗೆ ಸೇರಿದ ಕೂಡಲೇ ಗಾಳಿಗುಳ್ಳೆ ಬರಲು ಶುರುವಾಗುತ್ತದೆ. ಆ ಗುಳ್ಳೆ ಇರುವಾಗಲೇ ಹಿಟ್ಟಿಗೆ ಶಾಖ ತಾಗಿದರೆ ಅದು ಉಬ್ಬಿ ಹಾಗೇ ಗಟ್ಟಿಯಾಗುತ್ತದೆ. ಅರ್ಧ ತಾಸು ಹಾಗೇ ಬಿಟ್ಟರೆ ಗಾಳಿಯೆಲ್ಲ ಹೋಗಿ ಹಿಟ್ಟು ಕುಸಿದು ಕೂರುತ್ತದೆ.

ಒಲೆ ಅಂದರೆ, ದಪ್ಪ ತಳದ ಹಳೆಯ ಡಬರಿ ಅಥವಾ ಬೋಗುಣಿ, ಬಿಗಿಯಾಗಿ ಕೂರುವ ಮುಚ್ಚಳ. ತಳದಲ್ಲಿ ಒಂದು ಬೆರಳು ದಪ್ಪ ಹರಳುಪ್ಪು ಹರವಿ. ಅದರ ಮೇಲೆ ಒಂದು ಸ್ಟ್ಯಾಂಡು, ಇಲ್ಲದಿದ್ದರೆ ಚಿಕ್ಕ ತಟ್ಟೆ ಬೋರಲು ಹಾಕಿ. ಮುಚ್ಚಿ ಹತ್ತು ನಿಮಿಷ ನಡುಉರಿಯಲ್ಲಿ ಕಾಯಿಸಿ. ಮೊಬೈಲಿನಲ್ಲಿ ಎಲ್ಲರೂ ಕುಕ್ಕರಿನಲ್ಲಿ ಮಾಡಿ ತೋರಿಸುತ್ತಾರೆ, ಸೀಟಿ ಮತ್ತು ರಬ್ಬರು ತೆಗೆದರೆ ಆಯಿತು ಅಂತಾರೆ. ಆದರೆ ದಿನಾ ಬೇಳೆ ಬೇಯಿಸುವ ಕುಕ್ಕರನ್ನು ನೀರಿಲ್ಲದೆ ತಾಸುಗಟ್ಟಲೆ ಕಾಯಿಸುವುದು ನನಗೆ ಸರಿ ಅನ್ನಿಸುವುದಿಲ್ಲ. ಒಣ ಶಾಖಕ್ಕೆ ಪಾತ್ರೆ ಹಾಳಾಗುತ್ತದೆ, ಮತ್ತೆ ಅದೇ ಪಾತ್ರೆ ಒತ್ತಡ ತಡೆಯಬೇಕು. ಹಳೆ ಡಬರಿಯೇ ಸಾಕು. ಆ ಉಪ್ಪನ್ನು ಆರಿದ ಮೇಲೆ ಒಂದು ಡಬ್ಬಿಯಲ್ಲಿ ತುಂಬಿಡಿ, ಪ್ರತಿ ಸಲ ಅದೇ ಉಪ್ಪು ನಡೆಯುತ್ತದೆ. ಅಡುಗೆಗೆ ಮಾತ್ರ ಬಳಸಬೇಡಿ.

ಡಬರಿ ಕಾಯುತ್ತಿರುವಾಗ ಮೊಸರಿಗೆ ಸಕ್ಕರೆ ಹಾಕಿ ಕರಗುವ ತನಕ ಕದಡಿ. ಹಿಂದಿನ ದಿನದ ಹುಳಿ ಮೊಸರಾದರೆ ಇನ್ನೂ ಚಲೋ. ಅದಕ್ಕೆ ಬೇಕಿಂಗ್ ಪೌಡರ್, ಸೋಡಾ ಹಾಕಿ ಮೂರ್ನಾಲ್ಕು ನಿಮಿಷ ಬಿಡಿ, ಮೇಲೆ ನೊರೆ ಏಳುತ್ತದೆ. ಮಕ್ಕಳನ್ನು ಇದಕ್ಕೆ ತಪ್ಪದೆ ಕರೆಯಿರಿ. ನೊರೆ ಏಳದಿದ್ದರೆ ನಿಮ್ಮ ಸೋಡಾ ಹಳತು ಅಂತ ಅಲ್ಲೇ ಗೊತ್ತಾಗುತ್ತದೆ, ಹಿಟ್ಟು ಹಾಳಾಗುವುದು ಉಳಿಯುತ್ತದೆ. ಆಮೇಲೆ ಎಣ್ಣೆ, ಏಲಕ್ಕಿ, ಕೊನೆಗೆ ಹಿಟ್ಟನ್ನು ಎರಡು ಮೂರು ಸಲ ಮಾಡಿ ಸೇರಿಸಿ. ಚಪಾತಿ ಹಿಟ್ಟನ್ನು ನಾದಿದಷ್ಟೂ ಒಳ್ಳೆಯದು, ಕೇಕಿನದ್ದು ಹಾಗಲ್ಲ. ಗೋಧಿಯಲ್ಲಿ ಜಿಗಿ ಇದೆ, ಜಾಸ್ತಿ ತಿರುವಿದರೆ ಅದು ಬಿಗಿಯಾಗಿ ಕೇಕು ಗಟ್ಟಿ ಬರುತ್ತದೆ. ಒಣ ಹಿಟ್ಟು ಕಾಣದ ಹಾಗೆ ಸೇರಿದರೆ ನಿಲ್ಲಿಸಿ. ಹದ ಇಡ್ಲಿ ಹಿಟ್ಟಿನಷ್ಟು ಇರಲಿ, ಗಟ್ಟಿ ಅನ್ನಿಸಿದರೆ ಎರಡು ಚಮಚ ಹಾಲು. ಸೋಡಾ ಮಾತ್ರ ಹೇಳಿದ್ದಕ್ಕಿಂತ ಜಾಸ್ತಿ ಬೇಡ, ಸಾಬೂನಿನ ರುಚಿ ಬಂದು ಒಳಗೆಲ್ಲ ಕೆಂಪಾಗುತ್ತದೆ. ಕಲಸಿದ ಹಿಟ್ಟನ್ನು ಬೆರಳಿಂದ ನೆಕ್ಕಲು ಮಕ್ಕಳು ನೋಡುತ್ತಾರೆ, ಬಿಡಬೇಡಿ, ಹಸಿ ಹಿಟ್ಟು ಹೊಟ್ಟೆ ಕೆಡಿಸಬಹುದು.

ಅಚ್ಚಿಗೆ ಡಬರಿಯೊಳಗೆ ಹಿಡಿಸುವ ಅಲ್ಯೂಮಿನಿಯಂ ಡಬ್ಬಿ ಅಥವಾ ಸ್ಟೀಲ್ ಡಬ್ಬಿ ಸಾಕು. ಒಳಗೆ ಎಣ್ಣೆ ಸವರಿ, ಮೇಲೆ ಒಣ ಹಿಟ್ಟು ಉದುರಿಸಿ ಜಾಡಿಸಿ. ಅರ್ಧಕ್ಕಿಂತ ಸ್ವಲ್ಪ ಮೇಲೆ ಬರುವಷ್ಟು ಮಾತ್ರ ತುಂಬಿ, ಉಬ್ಬಲು ಜಾಗ ಬೇಕು. ಬಿಸಿ ಡಬರಿಯಲ್ಲಿ ಇಡುವುದು, ತೆಗೆಯುವುದು ದೊಡ್ಡವರ ಕೆಲಸ, ಇದರಲ್ಲಿ ಸಡಿಲ ಬೇಡ. ಸಣ್ಣ ಉರಿಯಲ್ಲಿ 45ರಿಂದ 55 ನಿಮಿಷ. ಮೊದಲ ಅರ್ಧ ತಾಸು ಮುಚ್ಚಳ ತೆಗೆಯಲೇಬೇಡಿ, ತೆಗೆದರೆ ನಡು ಕುಸಿಯುತ್ತದೆ. ಆಮೇಲೆ ಚಾಕು ಚುಚ್ಚಿ ನೋಡಿ, ಹಿಟ್ಟು ಅಂಟದೆ ಬಂದರೆ ಆಯಿತು. ಹತ್ತು ನಿಮಿಷ ಆರಿದ ಮೇಲೆ ಅಂಚು ಬಿಡಿಸಿ ಬೋರಲು ಹಾಕಿ. ಬಿಸಿ ಇರುವಾಗಲೇ ತೆಗೆಯಲು ಹೋದರೆ ಮುರಿಯುತ್ತದೆ.

ಸಕ್ಕರೆ ಬದಲು ಪುಡಿ ಬೆಲ್ಲವನ್ನೂ ಅಷ್ಟೇ ಅಳತೆಯಲ್ಲಿ ಹಾಕಬಹುದು, ಬಣ್ಣ ಕಪ್ಪಗೆ ಬರುತ್ತದೆ, ರುಚಿ ನನಗಂತೂ ಅದರದ್ದೇ ಇಷ್ಟ. ಸಂಜೆ ಹೊತ್ತು ಗಾಡಿಯವರು ಚುಕ್ಕೆ ಬಿದ್ದ ಬಾಳೆಹಣ್ಣನ್ನು ಕಡಿಮೆ ರೇಟಿಗೆ ಕೊಡುತ್ತಾರಲ್ಲ, ಅಂಥವು ಎರಡನ್ನು ಮಕ್ಕಳ ಕೈಯಲ್ಲಿ ಹಿಸುಕಿಸಿ ಸೇರಿಸಿ. ಆಗ ಸಕ್ಕರೆ ಅರ್ಧ ಲೋಟ ಸಾಕು, ಮೊಸರೂ ಮುಕ್ಕಾಲು ಲೋಟಕ್ಕೆ ಇಳಿಸಿ.

ಗ್ಯಾಸಿನ ಲೆಕ್ಕವನ್ನೂ ನೋಡಬೇಕು. ಒಂದು ತಾಸು ಉರಿ ಅಂದರೆ ಸಣ್ಣ ಮಾತಲ್ಲ. ಅದಕ್ಕೇ ಕೇಕು ತೆಗೆದ ಕೂಡಲೇ ಅದೇ ಬಿಸಿ ಉಪ್ಪಿನ ಮೇಲೆ ನಾನ್‌ಖಟಾಯ್ ತಟ್ಟೆ ಇಡಿ. ಮುಕ್ಕಾಲು ಲೋಟ ಗೋಧಿ ಹಿಟ್ಟು, ಕಾಲು ಲೋಟ ಕಡಲೆಹಿಟ್ಟು, ಎರಡು ದೊಡ್ಡ ಚಮಚ ಚಿರೋಟಿ ರವಾ, ಅರ್ಧ ಲೋಟ ಪುಡಿ ಮಾಡಿದ ಸಕ್ಕರೆ, ಅರ್ಧ ಲೋಟಕ್ಕೆ ಸ್ವಲ್ಪ ಕಡಿಮೆ ಗಟ್ಟಿ ತುಪ್ಪ, ಕಾಲು ಟೀ ಚಮಚ ಬೇಕಿಂಗ್ ಪೌಡರ್, ಏಲಕ್ಕಿ. ತುಪ್ಪ ಕರಗಿಸಬಾರದು, ಕರಗಿದ್ದನ್ನು ಹಾಕಿದರೆ ತಟ್ಟೆಯಲ್ಲಿ ಎಲ್ಲ ಹರಡಿ ಒಂದಾಗುತ್ತವೆ. ತುಪ್ಪ ಮತ್ತು ಸಕ್ಕರೆಯನ್ನು ಕೈಯಿಂದ ಬೆಳ್ಳಗಾಗುವ ತನಕ ಉಜ್ಜಿ, ಆಮೇಲೆ ಹಿಟ್ಟು ಸೇರಿಸಿ. ನೀರು, ಹಾಲು ಏನೂ ಬೇಡ, ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟಬೇಕು. ಉಂಡೆ ಮಾಡಿ ಒತ್ತುವುದು, ನಡುವೆ ಬೆರಳಿಂದ ಕುಳಿ ಮಾಡಿ ಒಂದು ಪುಟಾಣಿ (ಹುರಿಗಡಲೆ) ಅಥವಾ ಶೇಂಗಾ ಬೇಳೆ ಕೂರಿಸುವುದು ಪೂರ್ತಿ ಮಕ್ಕಳಿಗೆ ಬಿಡಿ. ದೂರ ದೂರ ಇಡಲು ಹೇಳಿ. ಸಣ್ಣ ಉರಿಯಲ್ಲಿ 20ರಿಂದ 25 ನಿಮಿಷ, ಕೆಳಗೆ ನಸು ಕೆಂಪಾದರೆ ಸಾಕು. ತೆಗೆದಾಗ ಮೆತ್ತಗಿರುತ್ತವೆ, ಬೆಂದಿಲ್ಲ ಅಂತ ಮತ್ತೆ ಇಡಬೇಡಿ, ಆರಿದ ಮೇಲೆ ಗರಿಗರಿ ಆಗುತ್ತವೆ. ತುಪ್ಪ ತುಟ್ಟಿ ಅನ್ನಿಸಿದರೆ ಎಲ್ಲದರಲ್ಲೂ ಅರ್ಧ ಮಾಡಿ. ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿದರೆ ವಾರಕ್ಕಿಂತ ಹೆಚ್ಚು ಇರುತ್ತವೆ. ಕೇಕು ಹಾಗಲ್ಲ, ಎರಡು ದಿನದಲ್ಲಿ ತಿಂದು ಮುಗಿಸಬೇಕು.

ಇನ್ನು ದಿನಾ ಸಂಜೆಯ ಹಸಿವಿಗೆ ಕೇಕು ಮಾಡುತ್ತಾ ಕೂರಲು ಆಗುವುದಿಲ್ಲ, ಮಾಡಲೂಬಾರದು. ವಾರಕ್ಕೆ ಒಂದು ದಿನ ಅದು ಸಾಕು. ಉಳಿದ ದಿನಕ್ಕೆ ನಮ್ಮ ಕಡೆಯ ತಿಂಡಿಗಳೇ ಇವೆ, ಒಂದಕ್ಕಿಂತ ಒಂದು ಅಗ್ಗ. ಚುರುಮರಿ, ಅಂದರೆ ಮಂಡಕ್ಕಿ ಇದ್ದರೆ ಗಿರ್ಮಿಟ್. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಒಗ್ಗರಣೆ ಹಾಕಿ, ಅರಿಶಿನ, ಹುಣಸೆ ರಸ, ಬೆಲ್ಲ, ಉಪ್ಪು ಸೇರಿಸಿ ಗಟ್ಟಿ ಕುದಿಸಿಟ್ಟರೆ ಆ ಮಸಾಲೆ ಫ್ರಿಜ್ಜಿನಲ್ಲಿ ಎರಡು ಮೂರು ದಿನ ಇರುತ್ತದೆ. ತಿನ್ನುವಾಗ ಚುರುಮರಿ, ಪುಟಾಣಿ ಹಿಟ್ಟು, ಹಸಿ ಉಳ್ಳಾಗಡ್ಡಿ, ಕೊತ್ತಂಬರಿ ಹಾಕಿ ಕಲಸಿ ಕೂಡಲೇ ಕೊಡಿ. ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ನಿಂತು ತಿನ್ನುವ ರುಚಿ ಮನೆಯಲ್ಲಿ ಬರುವುದಿಲ್ಲ ಅಂತಾರೆ. ಪುಟಾಣಿ ಹಿಟ್ಟು ಧಾರಾಳ ಹಾಕಿ ನೋಡಿ, ಬರುತ್ತದೆ.

ಮುಟಗಿ ಇನ್ನೂ ಸುಲಭ. ಜೋಳದ ರೊಟ್ಟಿಯನ್ನು ಸ್ವಲ್ಪ ದಪ್ಪ ತಟ್ಟಿ ಬೇಯಿಸಿ, ಬಿಸಿ ಇರುವಾಗಲೇ ಮುರಿದು ಬೆಳ್ಳುಳ್ಳಿ, ಜೀರಿಗೆ, ಉಪ್ಪು, ಖಾರದ ಜೊತೆ ಕುಟ್ಟಿ, ಎಣ್ಣೆ ಹಾಕಿ ಉಂಡೆ ಕಟ್ಟುವುದು. ಮಕ್ಕಳಿಗೆ ಖಾರ ಬೇಡ ಅಂದರೆ ಬೆಲ್ಲ, ತುಪ್ಪ ಹಾಕಿ ಕುಟ್ಟಿ. ಹಿಂದಿನ ದಿನದ ಚಪಾತಿಯನ್ನೂ ಹಂಚಿನ ಮೇಲೆ ಗರಿಗರಿ ಮಾಡಿ ಪುಡಿ ಮಾಡಿ ಹೀಗೇ ಉಂಡೆ ಮಾಡಬಹುದು.

ಊಟಕ್ಕೆ ತರಕಾರಿ ಇಲ್ಲದ ದಿನ ಜುಣಕದ ವಡಿ. ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಜೀರಿಗೆ ಒಗ್ಗರಣೆಗೆ ಎರಡು ಲೋಟ ನೀರು, ಉಪ್ಪು, ಅರಿಶಿನ ಹಾಕಿ ಕುದಿಸಿ. ಒಂದು ಲೋಟ ಕಡಲೆಹಿಟ್ಟನ್ನು ಸ್ವಲ್ಪ ಸ್ವಲ್ಪವಾಗಿ ಉದುರಿಸುತ್ತಾ ಗಂಟಾಗದ ಹಾಗೆ ತಿರುವಿ. ಪಾತ್ರೆಯ ಬದಿ ಬಿಡುವ ತನಕ ಬೇಯಿಸಿ, ಎಣ್ಣೆ ಸವರಿದ ತಟ್ಟೆಗೆ ಸುರಿದು ಹರವಿ. ಆರಿದ ಮೇಲೆ ದೊಡ್ಡ ಮಗು ಕತ್ತರಿಸಲಿ, ಸಣ್ಣದು ಒಣ ಕೊಬ್ಬರಿ ಉದುರಿಸಲಿ. ಜೊತೆಗೆ ಶೇಂಗಾ ಚಟ್ನಿ ಇರಲಿ. ಅದಕ್ಕೆ ಖಾರದ ಪುಡಿ ಪಾಕೀಟು ತರುವ ಬದಲು ಬ್ಯಾಡಗಿ ಮೆಣಸಿನಕಾಯಿ ತಂದು ಬಿಸಿಲಿಗೆ ಹಾಕಿ ಪುಡಿ ಮಾಡಿಸಿ. ಅದರಲ್ಲೂ ದಪ್ಪಗಿರುವ ಡಬ್ಬಿ ಮೆಣಸಿನಕಾಯಿ ಕೇಳಿ ತಗೊಳ್ಳಿ. ಬಣ್ಣ ಕೆಂಪಗೆ ಬರುತ್ತದೆ, ಖಾರ ಕಡಿಮೆ, ಮಕ್ಕಳು ಕಣ್ಣೀರಿಲ್ಲದೆ ತಿನ್ನುತ್ತಾರೆ.

ನಿಮ್ಮ ಪ್ರಶ್ನೆಯ ಕೆಳಗೇ ಇನ್ನೊಬ್ಬರು ಅಕ್ಕ, ಹಾವೇರಿಯವರು, ಜೋಳದ ಹಿಟ್ಟಿನಲ್ಲಿ, ನವಣೆ ಹಿಟ್ಟಿನಲ್ಲಿ ಕೇಕು ಆಗುತ್ತದೆಯಾ ಅಂತ ಕೇಳಿದ್ದಾರೆ. ಅಕ್ಕಾ, ಬರೀ ಜೋಳದಲ್ಲಿ ಮಾಡಿದರೆ ಪುಡಿಪುಡಿ ಆಗುತ್ತದೆ. ಜೋಳದಲ್ಲೂ ನವಣೆಯಲ್ಲೂ ಗೋಧಿಯ ಹಾಗೆ ಹಿಡಿದಿಡುವ ಜಿಗಿ ಇಲ್ಲ. ರೊಟ್ಟಿಗೆ ಕುದಿಯುವ ನೀರು ಹಾಕಿ ಹಿಟ್ಟನ್ನು ಅರೆ ಬೇಯಿಸಿಕೊಳ್ಳುತ್ತೇವಲ್ಲ, ಅದಕ್ಕೇ ಅದು ತಟ್ಟಲು ಬರುತ್ತದೆ, ಕೇಕಿನಲ್ಲಿ ಆ ಅನುಕೂಲ ಇಲ್ಲ. ಒಂದೂವರೆ ಲೋಟದಲ್ಲಿ ಒಂದು ಲೋಟ ಗೋಧಿ, ಅರ್ಧ ಲೋಟ ಜೋಳ ಹಾಕಿ, ಹಿಸುಕಿದ ಬಾಳೆಹಣ್ಣು ಒಂದು ಸೇರಿಸಿ, ಚೆನ್ನಾಗಿ ಹಿಡಿದುಕೊಳ್ಳುತ್ತದೆ. ನವಣೆಗೂ ಇದೇ ಅಳತೆ. ಜವೆಗೋಧಿ ಅನ್ನುವ ಬೇರೆ ತಳಿಯ ಗೋಧಿ ಇದ್ದರೆ ಅದನ್ನು ಹುಗ್ಗಿ, ಮಾದಲಿಯಂಥ ಸಿಹಿಗೆ ಇಟ್ಟುಕೊಳ್ಳಿ, ಕೇಕಿಗೆ ನಿಮ್ಮ ದಿನಾ ಚಪಾತಿಯ ಗೋಧಿಯೇ ಒಳ್ಳೆಯದು. ಜೋಳದ ಹಿಟ್ಟು ಹೊಸದಾಗಿ ಬೀಸಿಸಿದ್ದೇ ಆಗಬೇಕು, ಬಹಳ ದಿನ ಇಟ್ಟದ್ದು ಕಹಿ ಬರುತ್ತದೆ. ಹಾಕುವ ಮುಂಚೆ ಒಂದು ಚಿಟಿಕೆ ಬಾಯಿಗೆ ಹಾಕಿ ನೋಡಿ ಉಗುಳಿಬಿಡಿ, ಗೊತ್ತಾಗುತ್ತದೆ.